ಅರ್ಧಕ್ಕೆ ನಿಂತ ನಮಸ್ಕಾರ

ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ಕಾಲೇಜಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಆಧಾರ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಸುತ್ತಮುತ್ತಲಿನವರ ಬದುಕೆಲ್ಲ ನನ್ನ ಮೆಷಿನ್ನಿನ ಗಾಜಿನ ಮೇಲೆ ಒಮ್ಮೆ ಬೋರಲು ಮಲಗಿ ಎದ್ದುಹೋಗುತ್ತದೆ. ಕಾಲೇಜು ಶುರುವಾಗುವ ಹೊತ್ತಿಗೆ ಕ್ರೀಡಾ ಕೋಟಾದವರು ಬರುತ್ತಾರೆ. ಪ್ಲಾಸ್ಟಿಕ್ ಕವರಿನಿಂದ ಸರ್ಟಿಫಿಕೇಟನ್ನು ಬಾಣಂತಿ ಮಗುವನ್ನು ಎತ್ತುವಷ್ಟು ಜೋಪಾನವಾಗಿ ತೆಗೆದು, "ಅಣ್ಣಾ, ಕಲರ್ ತೆಗೀರಿ, ಸೀಲು ಸರಿ ಕಾಣ್ಬೇಕು" ಎನ್ನುತ್ತಾರೆ. ಕಬಡ್ಡಿ, ಖೋಖೋ, ವಾಲಿಬಾಲ್. ಈ ಅಂಗಡಿ ಶುರು ಮಾಡಿದ ಮೇಲೆ ಬಾಕ್ಸಿಂಗಿನ ಸರ್ಟಿಫಿಕೇಟು ಬಂದದ್ದನ್ನು ನಾನು ನೋಡಿಲ್ಲ.

ಇರುವುದು ಒಂದೇ, ಅದು ನನ್ನದು. ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಹಳೆಯ ಕರೆಂಟು ಬಿಲ್ಲುಗಳ ಅಡಿಯಲ್ಲಿ ಬಿದ್ದಿದೆ. ಜಿಲ್ಲಾ ಮಟ್ಟ, ಪ್ರಥಮ ಸ್ಥಾನ. ಅದರ ಕಥೆ ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋಗಲಿ ಮಾರಾಯರೇ, ನಲವತ್ತು ದಾಟಿದ ಮೇಲೆ ಆ ಮರ್ಯಾದೆಯನ್ನು ಕಟ್ಟಿಕೊಂಡು ನಾನು ಮಾಡುವುದಾದರೂ ಏನು?

ಕೊಪ್ಪದಲ್ಲಿ ಬಾಕ್ಸಿಂಗಾ ಎಂದು ಕೇಳಿದವರು ನಗುತ್ತಾರೆ. ನಗುವಂಥದ್ದೇ. ಸೈನ್ಯದಿಂದ ಪಿಂಚಣಿ ಪಡೆದು ಬಂದ ಒಬ್ಬ ಹವಾಲ್ದಾರರು ನಮ್ಮಲ್ಲಿದ್ದರು. ಸೈನ್ಯದಲ್ಲಿ ಬಾಕ್ಸಿಂಗ್ ಆಡಿದವರು, ಮೂಗು ಎಡಕ್ಕೆ ವಾಲಿತ್ತು. ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾಗದೆ, ಮಾಲೀಕ ಅಣ್ಣತಮ್ಮಂದಿರ ಕೋರ್ಟು ಕೇಸಿನಿಂದ ಮುಚ್ಚಿಹೋಗಿದ್ದ ಒಂದು ರೈಸ್ ಮಿಲ್ಲಿನ ಬೀಗದ ಕೈಯನ್ನು ಕೇಳಿ ಪಡೆದಿದ್ದರು. ಭತ್ತ ಒಣಗಿಸುವ ಸಿಮೆಂಟಿನ ಕಣವೇ ನಮ್ಮ ರಿಂಗು. ಗೋಣಿಚೀಲಕ್ಕೆ ಉಮಿ ತುಂಬಿ ಜಂತಿಗೆ ಸರಪಳಿ ಹಾಕಿ ನೇತುಬಿಟ್ಟದ್ದೇ ಪಂಚಿಂಗ್ ಬ್ಯಾಗು. ಎರಡು ಜೊತೆ ಗ್ಲೌಸು, ಎರಡು ಹೆಡ್‌ಗಾರ್ಡು. ಎಷ್ಟು ಗುಡಿಸಿದರೂ ತೌಡಿನ ವಾಸನೆ ಹೋಗುತ್ತಿರಲಿಲ್ಲ, ಮನೆಗೆ ಹೋದರೆ ಅಮ್ಮ "ಎಮ್ಮೆ ಕೊಟ್ಟಿಗೆಗೆ ಹೋಗಿದ್ಯನಾ?" ಎನ್ನುತ್ತಿದ್ದರು.

ಪಿಯುಸಿ ಓದುತ್ತಿದ್ದ ನಾವು ಏಳೆಂಟು ಜನ ಸೇರಿದ್ದೆವು. ಅವರಲ್ಲಿ ಒಬ್ಬ ನೆಮ್ಮಾರಿನ ಕಡೆಯವನು. ಅವನ ಅಪ್ಪ ಅಮ್ಮ ಇಬ್ಬರೂ ಬೇರೆಯವರ ತೋಟದಲ್ಲಿ ಕೂಲಿ ಕೆಲಸ ಮಾಡುವವರು, ಅವನು ಕೊಪ್ಪದ ಸರ್ಕಾರಿ ಹಾಸ್ಟೆಲಿನಲ್ಲಿದ್ದು ನನ್ನ ತರಗತಿಯಲ್ಲೇ ಓದುತ್ತಿದ್ದ. ಮಿಲ್ಲಿನಲ್ಲಿ ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ, ಅವನಿಗೆ ಬೇಸರವಿಲ್ಲ.

ಆ ಹೆಸರು ಬಂದದ್ದು ಮೊದಲ ವಾರದಲ್ಲೇ. ಶುರುವಿನಲ್ಲಿ ಅವನೂ ನಮ್ಮಂತೆ ಬಲಗೈಯಲ್ಲಿ ಚೀಲಕ್ಕೆ ಗುದ್ದುತ್ತಿದ್ದ. ಅದು ಹೊಡೆತವೇ ಅಲ್ಲ, ಬಾಗಿಲು ತಟ್ಟಿದಂತಿತ್ತು. ಒಂದು ಸಂಜೆ ಹವಾಲ್ದಾರರು ಬೀಗದ ಕೈ ಗೊಂಚಲನ್ನು "ಹಿಡಿ" ಎಂದು ಅವನತ್ತ ಎಸೆದರು. ಅವನು ಎಡಗೈಯಲ್ಲಿ ಗಾಳಿಯಲ್ಲೇ ಹಿಡಿದ. ಹಿಡಿದವನು ಥಟ್ಟನೆ ಬಲಗೈಗೆ ಬದಲಾಯಿಸಿ ತಲೆ ತಗ್ಗಿಸಿ ನಿಂತುಬಿಟ್ಟ.

"ಯಾಕೋ ಕೈ ಬದಲಾಯಿಸಿದೆ?"

"ತಪ್ಪಾಯ್ತು ಸಾರ್. ಎಡಗೈಯಲ್ಲಿ ತಗೊಂಡ್ರೆ ಅಮ್ಮ ಬೈತದೆ."

"ಊಟ ಯಾವ ಕೈಯಲ್ಲಿ ಮಾಡ್ತೀಯಾ?"

"ಬಲಗೈಯಲ್ಲೇ ಸಾರ್. ಸಣ್ಣವನಿದ್ದಾಗ ಅಮ್ಮ ನನ್ನ ಎಡಗೈ ಮೇಲೆ ನನ್ನನ್ನೇ ಕೂರಿಸಿ ಉಣ್ಣಿಸ್ತಿತ್ತು."

ಹವಾಲ್ದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನಮ್ಮ ಇಲ್ಲಿಲ್ಲ. ಹೊಡಿ ನೋಡನ ಎಡಗೈಯಲ್ಲಿ." ಅವನು ಹಿಂದೆ ಮುಂದೆ ನೋಡಿ, ಯಾರೂ ಬೈಯುವವರಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದು ಬಿಟ್ಟ. ಚೀಲದ ಹೊಲಿಗೆ ಬಿಚ್ಚಿ ಉಮಿ ದಬದಬ ಸುರಿಯಿತು. ನಾವೆಲ್ಲ ಬಾಯಿ ತೆರೆದು ನಿಂತಿದ್ದರೆ ಅವನು "ಅಯ್ಯೋ ದೇವ್ರೇ" ಎಂದು ಮಂಡಿಯೂರಿ ಕುಳಿತು ಎರಡೂ ಕೈಯಲ್ಲಿ ಉಮಿ ಬಾಚಿ ಚೀಲಕ್ಕೆ ತುಂಬುತ್ತಿದ್ದ.

ಅಲ್ಲಿಂದ ಮುಂದೆ ಒಂದೂವರೆ ವರ್ಷ ನಾನು ಅವನ ಕೈಯಲ್ಲಿ ಹೊಡೆಸಿಕೊಂಡೆ. ನಮ್ಮಿಬ್ಬರ ಎತ್ತರ ಒಂದೇ, ತೂಕ ಒಂದೇ, ಹಾಗಾಗಿ ಅಭ್ಯಾಸಕ್ಕೆ ಜೋಡಿ ನಾವೇ. ಅವನ ಎಡಗೈ ಬರುವುದು ನನಗೆ ಒಂದು ದಿನವೂ ಕಾಣಿಸಲಿಲ್ಲ, ಬಂದಾದ ಮೇಲೆ ಗೊತ್ತಾಗುತ್ತಿತ್ತು. ನನ್ನದು ಬೆವರು ಸುರಿಸಿ ಕಲಿತ ಕೈ. ಬೆಳಿಗ್ಗೆ ಓಡುತ್ತಿದ್ದೆ, ಕನ್ನಡಿಯ ಮುಂದೆ ಗುದ್ದುತ್ತಿದ್ದೆ, ನೆಗಡಿಯಾದರೂ ತಪ್ಪಿಸುತ್ತಿರಲಿಲ್ಲ. ಅವನು ವಾರಕ್ಕೆರಡು ದಿನ ಬರುತ್ತಿರಲಿಲ್ಲ, ಕೇಳಿದರೆ ಬಟ್ಟೆ ಒಗೆಯುವುದಿತ್ತು ಎನ್ನುತ್ತಿದ್ದ. ಬಂದ ದಿನ ನನ್ನನ್ನು ಚಿಂದಿ ಮಾಡುತ್ತಿದ್ದ. ಒಮ್ಮೆ ತಡೆಯಲಾರದೆ ಹವಾಲ್ದಾರರನ್ನೇ ಕೇಳಿದೆ, ನಾನು ಹೇಗೆ ಆಡ್ತೇನೆ ಸಾರ್ ಎಂದು. "ನೀನು ಚಂದ ಆಡ್ತೀಯಾ. ಅವನು ಬಾಕ್ಸರು" ಎಂದರು. ನನಗೆ ಹೊಟ್ಟೆಕಿಚ್ಚಿತ್ತು. ಇತ್ತು, ಇಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ.

ಇಲ್ಲಿ ಕಾಲಿನ ವಿಷಯ ಸ್ವಲ್ಪ ಹೇಳಬೇಕು. ಬಲಗೈಯವನು ನಿಲ್ಲುವಾಗ ಎಡಗಾಲು ಮುಂದಿರುತ್ತದೆ. ಎಡಗೈಯವನಿಗೆ ಬಲಗಾಲು ಮುಂದೆ. ಇಬ್ಬರೂ ಎದುರುಬದುರು ನಿಂತರೆ ಮುಂದಿನ ಪಾದಗಳೆರಡೂ ಒಂದೇ ಜಾಗಕ್ಕೆ ಬಂದು ಒಂದನ್ನೊಂದು ತುಳಿಯುತ್ತವೆ. ಎಲ್ಲಿ ಹೋದರೂ ಇದು ಹೀಗೇ, ಯಾರೂ ಇದನ್ನು ಲೆಕ್ಕಕ್ಕೆ ಇಡುವುದಿಲ್ಲ.

ಎಡಚ ಇಡುತ್ತಿದ್ದ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲ, ನಮಗೆಲ್ಲ ಮಾತು ಬರುವ ಮೊದಲೇ ಕಲಿಸಿದ್ದು. ಪುಸ್ತಕಕ್ಕೆ ತಾಗಿದರೂ, ಪೊರಕೆಗೆ ತಾಗಿದರೂ, ಪಕ್ಕದಲ್ಲಿ ಕೂತವನಿಗೆ ತಾಗಿದರೂ ಅಷ್ಟೇ. ನಾವು ಅದನ್ನು ಕಣದ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರುತ್ತಿದ್ದೆವು. ಅವನಿಗೆ ಬಿಡಲಾಗುತ್ತಿರಲಿಲ್ಲ. ಗುದ್ದಾಟದ ಮಧ್ಯದಲ್ಲಿ ಪಾದ ತುಳಿದರೆ ಸಾಕು, ಬಲಗೈಯ ಗ್ಲೌಸಿನಿಂದ ಎದುರಿನವನ ಭುಜ ಮುಟ್ಟಿ, ಕಣ್ಣಿಗೊತ್ತಿ, ಕಣ್ಣು ಮುಚ್ಚಿ, ಆಮೇಲೆ ಮತ್ತೆ ಹೊಡೆಯಲು ಶುರು ಮಾಡುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಹವಾಲ್ದಾರರು ನಗಲಿಲ್ಲ. ಒಂದು ನಮಸ್ಕಾರಕ್ಕೆ ಹತ್ತು ಬಸ್ಕಿ ಎಂದು ಕಾನೂನು ಮಾಡಿದರು. "ಬಲಗೈ ನಿನ್ನ ಮನೆ ಬಾಗಿಲು ಕಣೋ. ಬಾಗಿಲು ತೆಗೆದಿಟ್ಟು, ಕಣ್ಣು ಬೇರೆ ಮುಚ್ಕೊಂಡು ನಿಲ್ತೀಯಲ್ಲ, ಯಾವನಾದ್ರೂ ಒಳಗೆ ನುಗ್ಗಿದ್ರೆ?" ಮೂರು ತಿಂಗಳಲ್ಲಿ ಸಾವಿರಾರು ಬಸ್ಕಿ ಹೊಡೆದಿರಬೇಕು ಅವನು. ಕೊನೆಗೆ ಚಾಳಿ ಬಿಟ್ಟಿತು. ಕಾಲು ತುಳಿದರೂ ಸುಮ್ಮನೆ ಮುಂದೆ ಹೋಗುವುದನ್ನು ಕಲಿತ.

ಅದನ್ನು ಹಾಳು ಮಾಡಿದವನು ನಾನು. ಆ ದಿನ ಅವನು ನನ್ನನ್ನು ಮೂಲೆಯಿಂದ ಮೂಲೆಗೆ ಅಟ್ಟಾಡಿಸಿ ಹೊಡೆದಿದ್ದ. ಹವಾಲ್ದಾರರು ಬೀಡಿ ಸೇದಲು ಹೊರಗೆ ಹೋಗಿದ್ದರು. ತುಟಿ ಒಡೆದು ರಕ್ತ ಬರುತ್ತಿತ್ತು, ಮೈಯೆಲ್ಲ ಉರಿಯುತ್ತಿತ್ತು, ಅಷ್ಟರಲ್ಲಿ ಅವನು ನನ್ನ ಪಾದ ತುಳಿದು ಹಾಗೇ ಹೋದ. ನನಗೆ ಸಿಟ್ಟು ನೆತ್ತಿಗೇರಿತು.

"ಎಂತದಾ, ಕಾಲು ತುಳಿದು ಹಾಗೇ ಹೋಗ್ತೀಯಲಾ? ನಾನೇನು ನಾಯಿನಾ? ನಿನ್ನಮ್ಮ ಅಷ್ಟೂ ಕಲಿಸ್ಲಿಲ್ವಾ ನಿಂಗೆ?"

ಹೊಡೆತಕ್ಕೆ ಉತ್ತರವಾಗಿ ಬಾಯಿಗೆ ಬಂದದ್ದು ಅಂದೆ, ಅಷ್ಟೇ. ಅವನ ಮುಖ ಸಪ್ಪಗಾಯಿತು. ಹತ್ತಿರ ಬಂದು ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವತ್ತಿನಿಂದ ಒಂದು ವಿಚಿತ್ರ ಶುರುವಾಯಿತು. ಬೇರೆ ಯಾರನ್ನು ತುಳಿದರೂ ಅವನು ತಿರುಗಿ ನೋಡುತ್ತಿರಲಿಲ್ಲ, ನನ್ನ ಕಾಲು ತಾಗಿದರೆ ಮಾತ್ರ ತಪ್ಪದೆ ಮುಟ್ಟುತ್ತಿದ್ದ. ಹವಾಲ್ದಾರರು ಬೈದರೆ ನಗುತ್ತ ಹತ್ತು ಬಸ್ಕಿ ಹೊಡೆದು ಬರುತ್ತಿದ್ದ. "ನೀನು ಬೇರೆಯವನಲ್ಲ ಅಲ್ವಾ ಮಾರಾಯ" ಎಂದಿದ್ದ ಒಮ್ಮೆ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಎರಡನೇ ಪಿಯುಸಿಯಲ್ಲಿ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಯ್ಕೆ ಬಂತು. ಒಂದೊಂದು ತೂಕದ ವರ್ಗಕ್ಕೆ ಒಬ್ಬನನ್ನು ಆರಿಸಿ ಕ್ರೀಡಾ ಹಾಸ್ಟೆಲಿಗೆ ಕಳಿಸುತ್ತಾರೆ, ಊಟ, ವಸತಿ, ದೊಡ್ಡ ಕೋಚು ಎಲ್ಲ ಅಲ್ಲೇ, ಅಲ್ಲಿಂದ ಮುಂದೆ ಪೊಲೀಸೋ ರೈಲ್ವೆಯೋ ಸೈನ್ಯವೋ ಎಂದು ಹವಾಲ್ದಾರರು ವಿವರಿಸಿದರು. ನಮ್ಮಪ್ಪನಿಗೆ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿಯಿತ್ತು. ನಾನು ಗೆದ್ದರೂ ಸೋತರೂ ಸಂಜೆಗೆ ಬಿಸಿ ಅನ್ನ ಸಿಗುತ್ತಿತ್ತು. ಎಡಚನಿಗೆ ಅವನ ಅಪ್ಪ ಹೇಳಿಯಾಗಿತ್ತು, ಪರೀಕ್ಷೆ ಮುಗಿದ ಮಾರನೇ ದಿನದಿಂದ ತೋಟದ ಕೆಲಸಕ್ಕೆ ಬಾ ಎಂದು. ಅವನಿಗೆ ಆ ಹಾಸ್ಟೆಲ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಇದು ನನಗೂ ಗೊತ್ತಿತ್ತು.

ಹವಾಲ್ದಾರರು ನನ್ನನ್ನು ಪಕ್ಕಕ್ಕೆ ಕರೆದು, "ನೀನು ಒಂದು ತೂಕ ಮೇಲೆ ಹೋಗು. ವಾರ ದಿನ ಬಾಳೆಹಣ್ಣು ತಿನ್ನು, ನೀರು ಕುಡಿ, ತೂಕ ಬರ್ತದೆ. ಇಬ್ಬರಿಗೂ ಸೀಟು ಸಿಗ್ತದೆ" ಎಂದರು. ಮೇಲಿನ ತೂಕದಲ್ಲಿ ಒಬ್ಬ ಎಸ್ಟೇಟಿನ ಕಡೆಯವನಿದ್ದ, ಎದುರಾಳಿಯ ಹಲ್ಲು ಮುರಿದವನೆಂದು ಸುದ್ದಿಯಿತ್ತು. ನನಗೆ ಹೆದರಿಕೆ. ಆದರೆ ಹಾಗೆ ಹೇಳಲು ನಾಚಿಕೆ. "ನಾನ್ಯಾಕೆ ಹೋಗ್ಬೇಕು ಸಾರ್, ಅವನೇ ಹೋಗ್ಲಿ" ಎಂದೆ. ಹಾಸ್ಟೆಲಿನ ಅನ್ನ ಸಾರು ತಿನ್ನುವವನು ತೂಕ ಏರಿಸುವುದು ಹೇಗೆ? ಹವಾಲ್ದಾರರು ನನ್ನ ಮುಖವನ್ನೇ ನೋಡಿ, ಇಬ್ಬರ ಹೆಸರನ್ನೂ ಒಂದೇ ತೂಕಕ್ಕೆ ಬರೆದುಕೊಂಡರು.

ಆಯ್ಕೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾನು, ಎಡಚ, ಹವಾಲ್ದಾರರು ಒತ್ತಿಕೊಂಡು ಕೂತಿದ್ದೆವು. ಬಾಳೆಹೊನ್ನೂರು ದಾಟಿದ ಮೇಲಿನ ತಿರುವಿನಲ್ಲಿ ಅವನ ಕಾಲು ನನ್ನ ಕಾಲಿಗೆ ತಾಗಿತು. ಅವನಿಗೆ ಅರೆನಿದ್ದೆ. ನಿದ್ದೆಯಲ್ಲೇ ಕೈ ಚಾಚಿ ನನ್ನ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ಮತ್ತೆ ತೂಕಡಿಸಿದ. ಆಗ ನನಗೆ ಹೊಳೆಯಿತು ಎಂದು ಬರೆಯಹೊರಟಿದ್ದೆ, ಅದು ಸುಳ್ಳು. ಮೊದಲೇ ಒಳಗಿದ್ದದ್ದು ಬಸ್ಸಿನಲ್ಲಿ ಎದ್ದು ಕೂತಿತು. ಚಿಕ್ಕಮಗಳೂರು ಬರುವವರೆಗೂ ನಾನು ಅದರ ಜೊತೆಯಲ್ಲೇ ಕೂತಿದ್ದೆ.

ಮಧ್ಯಾಹ್ನದೊಳಗೆ ಎಡಚ ಇಬ್ಬರನ್ನು ಮುಗಿಸಿದ. ಎರಡೂ ಒಂದನೇ ರೌಂಡಿನಲ್ಲೇ. ಅಲ್ಲಿದ್ದ ಕೋಚುಗಳೆಲ್ಲ ಎದ್ದು ಬಂದು ಹಗ್ಗದ ಪಕ್ಕ ನಿಂತರು, "ಯಾರ ಹುಡುಗ ಇವನು?" ಎಂದು ಕೇಳುತ್ತಿದ್ದರು. ನಮ್ಮ ಹವಾಲ್ದಾರರ ವಾಲಿದ ಮೂಗೂ ನೆಟ್ಟಗಾದ ಹಾಗೆ ಕಾಣುತ್ತಿತ್ತು. ನಾನೂ ಏದುಸಿರು ಬಿಡುತ್ತ ಪಾಯಿಂಟಿನ ಮೇಲೆ ಎರಡು ಗೆದ್ದೆ. ಫೈನಲ್ ನಮ್ಮಿಬ್ಬರದೇ. ಹವಾಲ್ದಾರರು ಯಾರ ಮೂಲೆಯಲ್ಲೂ ಕೂರದೆ ದೂರದಲ್ಲಿ ಒಂದು ಕುರ್ಚಿ ಹಾಕಿಕೊಂಡರು.

ಮೊದಲೆರಡು ರೌಂಡು ಅವನದೇ. ಆದರೆ ಜೋರಾಗಿ ಹೊಡೆಯುತ್ತಿರಲಿಲ್ಲ. ನನಗದು ತಿಳಿಯುತ್ತಿತ್ತು, ಒಂದೂವರೆ ವರ್ಷ ಹೊಡೆಸಿಕೊಂಡವನಿಗೆ ತಿಳಿಯದೆ ಇರುತ್ತದೆಯೇ? ಗೆಲ್ಲಲು ಎಷ್ಟು ಬೇಕೋ ಅಷ್ಟು ಮುಟ್ಟಿಸಿ ಬಿಡುತ್ತಿದ್ದ. ಮರ್ಯಾದೆಯಿಂದ ಸೋಲಲು ಅವಕಾಶ ಕೊಟ್ಟಿದ್ದ ಪುಣ್ಯಾತ್ಮ. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಹೇಗೋ ಏನೋ ಆ ಎರಡು ರೌಂಡಿನಲ್ಲಿ ಒಮ್ಮೆಯೂ ಕಾಲು ತಾಗಲಿಲ್ಲ.

ಮೂರನೇ ರೌಂಡಿನಲ್ಲಿ ಅವನು ಬಲಗಾಲು ಮುಂದಿಡುವುದನ್ನು ಕಾದು, ಅದು ಇಳಿಯುವ ಜಾಗಕ್ಕೆ ನನ್ನ ಎಡಗಾಲನ್ನು ಸರಿಸಿದೆ. ಅವನು ತುಳಿದ. ಇಲ್ಲ, ಅವನು ತುಳಿಯಲಿಲ್ಲ, ನಾನು ತುಳಿಸಿಕೊಂಡೆ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಈ ಎರಡು ಮಾತುಗಳ ನಡುವೆ ಓಡಾಡುತ್ತಿದ್ದೇನೆ.

ಗ್ಲೌಸು ಬಂದು ನನ್ನ ಭುಜ ಮುಟ್ಟಿತು. ಎಷ್ಟು ಮೆತ್ತಗೆ ಎಂದರೆ ಈಗಲೂ ಆ ಜಾಗ ಗೊತ್ತಿದೆ ನನಗೆ. ಆಮೇಲೆ ಅದು ಅವನ ಬಲಗಣ್ಣಿಗೆ ಹೋಯಿತು, ಅವನು ಕಣ್ಣು ಮುಚ್ಚಿದ. ನಾನು ಬಲಗೈಯನ್ನು ನೆಟ್ಟಗೆ ಬಿಟ್ಟೆ. ಹವಾಲ್ದಾರರು ಕಲಿಸಿದ ಹಾಗೆ ಹಿಮ್ಮಡಿಯಿಂದ ಸೊಂಟ ತಿರುಗಿಸಿ, ಪೂರ್ತಿ ತೂಕ ಹಾಕಿ. ಜೀವನದಲ್ಲಿ ನಾನು ಹೊಡೆದ ಸರಿಯಾದ ಹೊಡೆತ ಅದೊಂದೇ. ಅದು ಬಿದ್ದದ್ದು ಅವನದೇ ಗ್ಲೌಸಿನ ಮೇಲೆ. ಆ ಗ್ಲೌಸಿನ ಹೆಬ್ಬೆರಳು ಅವನ ಕಣ್ಣಿನೊಳಗೆ ಹೋಯಿತು.

ಅವನು ಕೂತುಬಿಟ್ಟ. ರೆಫರಿ ಎಣಿಸಿದರು, ಏಳಕ್ಕೆ ಎದ್ದ. ಆದರೆ ಬಲಗಣ್ಣು ತೆರೆಯಲಾಗಲಿಲ್ಲ, ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ರೆಫರಿ ಅವನ ಮುಖ ಹಿಡಿದು ನೋಡಿ ಆಟ ನಿಲ್ಲಿಸಿದರು, ಬಂದು ನನ್ನ ಕೈ ಎತ್ತಿದರು. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು. ರೆಫರಿ ನಿಲ್ಲಿಸು ಎಂದಿರಲಿಲ್ಲ, ನಾನು ಸೊಂಟದ ಕೆಳಗೆ ಹೊಡೆದಿರಲಿಲ್ಲ, ಆಟದ ಮಧ್ಯೆ ಕಣ್ಣು ಮುಚ್ಚಿದ್ದು ಅವನು.

ಬಟ್ಟೆ ಬದಲಾಯಿಸಲು ಕೊಟ್ಟ ಕೋಣೆಯಲ್ಲಿ ನಾನು ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತ ಕೂತಿದ್ದೆ. ಅವನು ಒದ್ದೆ ಟವೆಲನ್ನು ಕಣ್ಣಿಗೆ ಒತ್ತಿಕೊಂಡು ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತಲೂ ಅನ್ನಿಸಿತು. ಅವನು ಬಗ್ಗಿ ನನ್ನ ತೋಳು ಮುಟ್ಟಿ, ಆ ಬೆರಳುಗಳನ್ನು ಉಳಿದ ಕಣ್ಣಿಗೆ ಒತ್ತಿಕೊಂಡ.

"ಆಗ ಅರ್ಧಕ್ಕೇ ನಿಂತಿತ್ತಲ ಮಾರಾಯ. ಸಿಟ್ಟು ಮಾಡ್ಕೋಬೇಡ. ಕಾಲು ನೋವಾಯ್ತನಾ?"

"ಪರವಾಗಿಲ್ಲ ಬಿಡು" ಎಂದೆ ನಾನು.

ಪರವಾಗಿಲ್ಲ ಬಿಡು! ಕೇಳಿದಿರಾ? ನಾನು ಅವನನ್ನು ಕ್ಷಮಿಸಿಬಿಟ್ಟೆ. ಥೂ ನನ್ನ ಜನ್ಮಕ್ಕೆ.

ವಾಪಸು ಬರುವಾಗ ಹವಾಲ್ದಾರರು ಎಡಚನನ್ನು ಕಿಟಕಿಯ ಪಕ್ಕ ಕೂರಿಸಿ ತಮ್ಮ ಹೆಗಲಿಗೆ ಒರಗಿಸಿಕೊಂಡಿದ್ದರು. ಕೊಪ್ಪದಲ್ಲಿ ಇಳಿದ ಮೇಲೆ ನನಗೊಂದೇ ಮಾತು ಹೇಳಿದರು. "ಕಾಲು ಎಲ್ಲಿಟ್ಟೆ ಅಂತ ನಾನು ನೋಡಿದೆ."

ನಾನು ಕ್ರೀಡಾ ಹಾಸ್ಟೆಲಿಗೆ ಹೋದೆ. ಒಂಬತ್ತು ತಿಂಗಳು ಇದ್ದೆ. ಅಲ್ಲಿನ ಹುಡುಗರ ಮುಂದೆ ನಾನು ಲೆಕ್ಕಕ್ಕೇ ಇರಲಿಲ್ಲ. ಮೊದಲ ದೊಡ್ಡ ಪಂದ್ಯದಲ್ಲಿ ನನ್ನೆದುರು ಬಂದವನು ಎಡಗೈಯವನೇ. ಎರಡನೇ ರೌಂಡಿನಲ್ಲಿ ಅವನು ನನ್ನ ಪಾದ ತುಳಿದ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅವನು ಈಗ ಕಣ್ಣು ಮುಚ್ಚುತ್ತಾನೆ ಎಂದು ನಾನು ಕಾಯುತ್ತ ನಿಂತೆ. ಎಚ್ಚರವಾದಾಗ ಮೇಲೆ ಲೈಟುಗಳು ಕಾಣುತ್ತಿದ್ದವು. ವರ್ಷ ತುಂಬುವ ಮೊದಲೇ ಟ್ರಂಕು ಹೊತ್ತುಕೊಂಡು ಊರಿಗೆ ಬಂದೆ. ಬೆಳಿಗ್ಗೆ ಓಡಿದ್ದು, ಕನ್ನಡಿ ಮುಂದೆ ಗುದ್ದಿದ್ದು ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಅಷ್ಟರಲ್ಲಿ ಎಡಚನ ಕಣ್ಣೂ ಹೋಗಿತ್ತು. ಮೊದಲು ನೊಣ ಹಾರಿದಂತೆ ಕಾಣುತ್ತದೆ ಎನ್ನುತ್ತಿದ್ದನಂತೆ. ಅವನ ಅಮ್ಮ ನಂದಿಬಟ್ಟಲು ಹೂವಿನ ರಸ ಬಿಟ್ಟಳು. ಆಮೇಲೆ ಪಕ್ಕದಿಂದ ಕಪ್ಪು ಪರದೆ ಎಳೆದಂತೆ ಆಗುತ್ತದೆ ಎಂದ. ಶಿವಮೊಗ್ಗದ ಕಣ್ಣಿನ ಡಾಕ್ಟರ ಹತ್ತಿರ ಹವಾಲ್ದಾರರು ಕರೆದುಕೊಂಡು ಹೋಗುವ ಹೊತ್ತಿಗೆ ಕಣ್ಣಿನ ಹಿಂದಿನ ಪೊರೆ ಕಳಚಿ ತಡವಾಗಿಹೋಗಿತ್ತು. ಅವರು ಹಟ ಬಿಡಲಿಲ್ಲ, ಸೈನ್ಯದ ಭರ್ತಿಗೂ ಕರೆದುಕೊಂಡು ಹೋದರು. ಓಟದಲ್ಲಿ ಎಲ್ಲರಿಗಿಂತ ಮೊದಲು ಬಂದವನನ್ನು ಕಣ್ಣಿನ ಪರೀಕ್ಷೆಯಲ್ಲಿ ವಾಪಸು ಕಳಿಸಿದರು. ಇದನ್ನೆಲ್ಲ ನನಗೆ ಹೇಳಿದ್ದು ಹವಾಲ್ದಾರರೇ. ಒಂದು ಸಂಜೆ ಅಪ್ಪನ ದಿನಸಿ ಅಂಗಡಿಗೆ ಬಂದು ಬೀಡಿ ಕಟ್ಟು ತೆಗೆದುಕೊಂಡು, ನಿಂತಲ್ಲೇ ನಾಲ್ಕು ಮಾತಿನಲ್ಲಿ ಹೇಳಿ ಹೊರಟುಹೋದರು. ಆಮೇಲೆ ಅವರು ನಮ್ಮ ಅಂಗಡಿಯಲ್ಲಿ ಬೀಡಿ ಕೊಳ್ಳಲಿಲ್ಲ. ಮಿಲ್ಲಿಗೂ ಬೀಗ ಬಿತ್ತು. ಅವರು ತೀರಿಕೊಂಡು ಬಹಳ ವರ್ಷವಾಯಿತು, ಕಣದ ಮೇಲೆ ಈಗ ಸಿಮೆಂಟು ಚೀಲದ ಗೋಡೌನಿದೆ. ನಮ್ಮ ಏಳೆಂಟು ಜನರಲ್ಲಿ ಒಬ್ಬ ಟೆಂಪೋ ಓಡಿಸುತ್ತಾನೆ, ಒಬ್ಬ ಕುಡಿದು ಸತ್ತ, ಉಳಿದವರು ಎಲ್ಲಿದ್ದಾರೋ ಗೊತ್ತಿಲ್ಲ.

ಎಡಚ ನರಸಿಂಹರಾಜಪುರದಲ್ಲಿ ಅಡಿಕೆ ಮಂಡಿಯ ಹಮಾಲಿಯಾದ. ಅಲ್ಲೇ ಮದುವೆಯಾದ. ನಾನು ಆ ಕಡೆ ಹೋಗುವುದನ್ನು ಆದಷ್ಟು ತಪ್ಪಿಸುತ್ತಿದ್ದೆ. ತಪ್ಪಿಸಲಾಗದೆ ಹೋದ ದಿನ ಅವನು ಚೀಲದ ಅಡಿಯಿಂದಲೇ ನನ್ನನ್ನು ಗುರುತಿಸಿ, "ಏ ಚಾಂಪಿಯನ್! ಚಾ ಕುಡ್ದು ಹೋಗಾ" ಎಂದು ಮಂಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಇನ್ನೂ ಸ್ವಲ್ಪ ನಿದ್ದೆ ಮಾಡುತ್ತಿದ್ದೆ. ತನ್ನ ಜೊತೆಯವರಿಗೆ "ಇವ್ನು ನಂಗೆ ಹೊಡ್ದವ್ನು ಗೊತ್ತಾ, ಎಂತಾ ಕೈ!" ಎಂದು ಪರಿಚಯ ಮಾಡಿಸುತ್ತಿದ್ದ. ನಾನು ಚಾ ಬಿಸಿಯಿದ್ದರೂ ಗಟಗಟ ಕುಡಿದು ಎದ್ದುಬಿಡುತ್ತಿದ್ದೆ. ಹೇಳಬೇಕು, ಇವತ್ತು ಹೇಳಿಬಿಡಬೇಕು ಎಂದು ಪ್ರತಿ ಸಲವೂ ಅಂದುಕೊಂಡೇ ಹೋಗುತ್ತಿದ್ದೆ. ಹೇಳದೆ ವಾಪಸು ಬಸ್ಸು ಹತ್ತುತ್ತಿದ್ದೆ.

ಈ ವರ್ಷ ಒಂದು ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಮೆಷಿನ್ ಆನ್ ಮಾಡುತ್ತಿದ್ದೆ. ಎಡಚ ಬಂದು ನಿಂತಿದ್ದ. ತಲೆಯೆಲ್ಲ ಬೆಳ್ಳಗಾಗಿತ್ತು, ನನಗಿಂತ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

"ಎಂತ ಮಾರಾಯ, ಇಷ್ಟು ದೂರ?"

"ಒಂದು ಅರ್ಜಿ ತುಂಬ್ಸೋದಿತ್ತು. ಕೂಲಿ ಬಿಡ್ಸಿದ್ರು ಕಣಾ. ಲಾರಿಗೆ ಹಲಗೆ ಹಾಕಿರ್ತಾರಲ, ಚೀಲ ಹೊತ್ಕೊಂಡು ಹತ್ತೋವಾಗ ಈ ಬದಿ ಕಾಣ್ಲಿಲ್ಲ, ಕೆಳಗೆ ಬಿದ್ದೆ. ಸಾಹುಕಾರ್ರು ಇನ್ನು ಬರೋದು ಬೇಡ ಅಂದ್ರು. ಅವ್ರದ್ದೂ ತಪ್ಪಲ್ಲ ಬಿಡು. ಅಂಗವಿಕಲರ ಪಿಂಚಣಿ ಉಂಟಂತೆ, ಅದಾದ್ರೂ ಆಗ್ತದಾ ಅಂತ."

"ಅಲ್ಲೇ ಯಾರ ಹತ್ರಾದ್ರೂ ತುಂಬ್ಸಬಹುದಿತ್ತಲ."

"ನೀನಿದೀಯಲ ಮಾರಾಯ. ಬೇರೆಯವ್ರ ಹತ್ರ ಯಾಕೆ?"

ಒಂದು ಕಣ್ಣು ಸರಿಯಿದ್ದವರಿಗೆ ಆ ಪಿಂಚಣಿ ಸಿಗುವುದಿಲ್ಲ. ಇಂಥ ಎಷ್ಟೋ ಕಾಗದ ನನ್ನ ಗಾಜಿನ ಮೇಲೆ ಹೋಗಿ, ಅಷ್ಟೇ ವೇಗದಲ್ಲಿ ತಿರಸ್ಕೃತವಾಗಿ ಬಂದದ್ದನ್ನು ನೋಡಿದ್ದೇನೆ. ಹಾಗಂತ ಅವನಿಗೆ ಹೇಳಬೇಕಿತ್ತು. ಹೇಳದೆ ಸ್ಟೂಲು ಎಳೆದು ಕೂರಿಸಿ ಪೆನ್ನು ತೆಗೆದೆ. ಹೆಸರು, ತಂದೆಯ ಹೆಸರು, ಊರು ಎಲ್ಲ ಬರೆದಾಯಿತು. ಆಮೇಲಿನ ಸಾಲು, ನ್ಯೂನತೆ ಉಂಟಾದ ಕಾರಣ.

ನನ್ನ ಕೈ ನಿಂತಿತು.

"ಎಂತ ಕೇಳಿದಾರೆ?" ಎಂದ.

"ಕಣ್ಣು ಹೇಗೆ ಹೋಯ್ತು ಅಂತ."

ಅವನು ರಸ್ತೆಯ ಕಡೆ ನೋಡುತ್ತಿದ್ದ. ಕಾಲೇಜು ಹುಡುಗಿಯರ ಗುಂಪೊಂದು ನಗುತ್ತ ಹಾದುಹೋಯಿತು. ಇದೇ ಹೊತ್ತು, ಈಗ ಹೇಳದಿದ್ದರೆ ಇನ್ನು ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೆನ್ನಿನ ಕ್ಯಾಪು ಹಾಕಿ ಮತ್ತೆ ತೆಗೆದೆ.

"ಎಂತಾದ್ರೂ ಬರಿ" ಎಂದ ಅವನು. "ನಿಂಗೆ ಗೊತ್ತಲ."

ನಾನು 'ಆಕಸ್ಮಿಕ' ಎಂದು ಬರೆದೆ. ಅಕ್ಷರ ದುಂಡಗೆ ಬಂತು.

"ಆಗ್ತದೆ ಅಲ್ವನಾ ಇದು?"

"ನೋಡನ" ಎಂದೆ.

ಸಹಿ ಹಾಕಲು ಅವನು ಕೌಂಟರು ಸುತ್ತಿ ನಾನು ನಿಂತಿದ್ದ ಒಳಬದಿಗೆ ಬಂದ. ಇಬ್ಬರು ನಿಲ್ಲಲು ಸಾಲದ ಜಾಗ ಅದು. ನಿಧಾನವಾಗಿ, ಬಲಗೈಯಲ್ಲೇ, ಒಂದೊಂದೇ ಅಕ್ಷರ ಬರೆದ. ನಾನು ಕಾಗದವನ್ನು ಗಾಜಿನ ಮೇಲಿಟ್ಟು ಎರಡು ಕಾಪಿ ಒತ್ತಿದೆ. ಅವನು ಹೊರಡಲು ತಿರುಗಿದ. ನಾನಿದ್ದದ್ದು ಅವನ ಬಲಕ್ಕೆ, ಆ ಬದಿ ಅವನಿಗೆ ಕಾಣುವುದಿಲ್ಲ. ನನ್ನ ಪಾದ ತುಳಿದುಬಿಟ್ಟ.

"ಅಯ್ಯಯ್ಯೋ. ಈ ಕಣ್ಣಿನ ದೆಸೆಯಿಂದ ದಿನಕ್ಕೆ ಎಷ್ಟು ಜನರ ಕಾಲು ತುಳೀತೇನೋ, ಮುಟ್ಟಿ ಮುಟ್ಟಿ ಸಾಕಾಯ್ತು" ಎನ್ನುತ್ತಲೇ ಕೈ ಚಾಚಿ ನನ್ನ ಭುಜ ಮುಟ್ಟಿದ. ಬೆರಳುಗಳನ್ನು ಕಣ್ಣಿಗೆ ಒಯ್ದ. ಕಣ್ಣು ಮುಚ್ಚಿದ.

ನಾನು ಇಪ್ಪತ್ತು ಚಿಲ್ಲರೆ ವರ್ಷದಿಂದ ಒಂದು ಬಸ್ಕಿಯನ್ನೂ ಹೊಡೆದವನಲ್ಲ. ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ. ಆದರೆ ಅವನು ಕಣ್ಣು ಬಿಡುವಷ್ಟರಲ್ಲಿ ನನ್ನ ಬಲಗಾಲು ಒಂದು ಗೇಣು ಹಿಂದೆ ಸರಿದಿತ್ತು, ಮೊಣಕೈ ಪಕ್ಕೆಗೆ ಅಂಟಿತ್ತು, ಮುಷ್ಟಿ ಗದ್ದದ ಹತ್ತಿರ ಬಂದು ನಿಂತಿತ್ತು. ದೇವರಾಣೆಗೂ ನಾನು ಎತ್ತಿದ್ದಲ್ಲ. ಅದು ತಾನೇ ಎದ್ದಿತ್ತು.

ಅವನು ನೋಡಿದ. ಮೊದಲು ನನ್ನ ಮುಷ್ಟಿ, ಆಮೇಲೆ ನನ್ನ ಪಾದ, ಆಮೇಲೆ ಮುಖ. ಒಂದು ಹೆಜ್ಜೆ ಹಿಂದೆ ಸರಿದ. ಅವನ ಎಡಗೈ ಸರಕ್ಕನೆ ಮೇಲೆ ಬಂದು ಉಳಿದ ಆ ಒಂದು ಕಣ್ಣನ್ನು ಮುಚ್ಚಿತು. ಮೆಷಿನ್ನು ಎರಡನೇ ಕಾಪಿಯನ್ನು ಹೊರಗೆ ತಳ್ಳುತ್ತಿತ್ತು.

"ಹೊಡಿಬೇಡ ಮಾರಾಯ" ಎಂದ ಕೈಯ ಹಿಂದಿನಿಂದ, ನಗುತ್ತಲೇ. "ಇದೊಂದೇ ಇರೋದು."